ಗೇರು ಗಾಡಿ ಕಲಿತೆವು

ನಮ್ಮೂರ ಪಂಚಾಯ್ತಿ ಆಫೀಸಿನ ಹಿಂದೆ ಒಂದು ಬೇವಿನ ಮರ ಇದೆ. ಅದರ ಕೆಳಗೆ ಕಸದ ಗಾಡಿ ನಿಂತಿತ್ತು. ಹೊಸ ಗಾಡಿ. ನಾಲ್ಕು ಚಕ್ರದ್ದು. ಅದರ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ‘ಸ್ವಚ್ಛ ವಾಹಿನಿ’ ಅಂತ ಬರೆದಿತ್ತು. ಅದನ್ನು ನಾವೇ ಓದಿದೆವು. ಅಕ್ಷರ ಕೂಡಿಸಿ ಕೂಡಿಸಿ ಓದಿದೆವು. ‘ಚ್ಛ’ ಬಂದಾಗ ಎಲ್ಲರೂ ಒಂದು ಸಲ ನಿಂತೆವು. ಆಮೇಲೆ ಮುಂದೆ ಹೋದೆವು.

ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಅದನ್ನು ಓಡಿಸುತ್ತಿದ್ದ ಹುಡುಗ ಹೆಚ್ಚು ಸಂಬಳ ಅಂತ ಬೆಂಗಳೂರಿಗೆ ಹೋದ. ನಾಲ್ಕು ತಿಂಗಳು ಗಾಡಿ ಹಾಗೇ ನಿಂತಿತು. ಯಾರದೋ ಮನೆ ಕೋಳಿ ಅದರೊಳಗೆ ಮೊಟ್ಟೆ ಇಟ್ಟಿತು. ಊರ ಕಸ ಚರಂಡಿಗೆ ಬಿತ್ತು. ಕಸ ಬೇರೆ ಮಾಡುವ ಕೆಲಸ ನಮ್ಮ ಮಹಿಳಾ ಸಂಘದ್ದು. ಕಸವೇ ಬರದಿದ್ದರೆ ಕೆಲಸ ಎಲ್ಲಿ? ಕೂಲಿ ಎಲ್ಲಿ?

ಸಂಘದ ಸಭೆಯಲ್ಲಿ ನಮ್ಮ ಅಕ್ಕ ಒಬ್ಬರು ಕೇಳಿದರು. “ಡ್ರೈವರ್ ಸಿಕ್ಕಲ್ಲ ಸಿಕ್ಕಲ್ಲ ಅಂತೀರಲ್ಲ. ನಾವೇ ಓಡಿಸಿದ್ರೆ ಏನಾಗುತ್ತೆ?”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ನಮ್ಮ ರಾಜ್ಯದ ಎಷ್ಟೋ ಪಂಚಾಯ್ತಿಗಳಲ್ಲಿ ಸಂಜೀವಿನಿ ಸಂಘದ ಹೆಂಗಸರೇ ಸ್ವಚ್ಛ ವಾಹಿನಿ ಓಡಿಸುತ್ತಿದ್ದಾರೆ. ಈ ಸುದ್ದಿ ನಮಗೆ ಗೊತ್ತಿತ್ತು. ಇನ್ನೊಂದು ಹಳೇ ಸುದ್ದಿಯೂ ಗೊತ್ತಿತ್ತು. 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಲ್ಲಿ ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲ್ ಸಹ ಕಲಿಸಿದರು. ಸಾವಿರಾರು ಹೆಂಗಸರು ಸೈಕಲ್ ಹತ್ತಿದರು. ಹೊಲದ ಕೂಲಿಯವರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು ಎಲ್ಲರೂ ಹತ್ತಿದರು. ಆಗಲೂ ಜನ ನಕ್ಕರಂತೆ. ಅವರು ಬೆಲ್ ಹೊಡೆದುಕೊಂಡು ಹೋದರಂತೆ.

ಅಕ್ಕನ ಮನೆಯಲ್ಲಿ ಆ ರಾತ್ರಿ ಮಾತಾಯಿತು. ಗಂಡ ಕೇಳಿದರು. “ಗಾಡಿ ಓಡಿಸೋದು ಅಂದ್ರೆ ಸೌಟು ತಿರುಗಿಸಿದ ಹಾಗಾ ಕಣೇ?”

ಅಕ್ಕ ಹೇಳಿದರು. “ಸೌಟೂ ಅಷ್ಟೇ ಕಣ್ರೀ. ಉರಿ ನೋಡ್ಕೊಂಡೇ ತಿರುಗಿಸ್ಬೇಕು. ಇಲ್ದಿದ್ರೆ ತಳ ಹಿಡಿಯುತ್ತೆ.”

ಕೊನೆಗೆ ನಾವು ಐದು ಜನ ಹೆಸರು ಕೊಟ್ಟೆವು. ನಾಲ್ಕು ಜನ ಸಂಘದವರು. ಒಬ್ಬರು ಶಾಲೆಯ ಟೀಚರು, ಸಾಕ್ಷರತಾ ಕೇಂದ್ರದಲ್ಲಿ ಕಲಿಸುವವರು. ಟೀಚರಿಗೂ ಗಾಡಿಯ ವಿಷಯದಲ್ಲಿ ಅ ಆ ಇ ಈ ಗೊತ್ತಿರಲಿಲ್ಲ.

ಓದು ಎಷ್ಟು ಬೇಕು?

ಇದು ಎಲ್ಲರೂ ಕೇಳುವ ಪ್ರಶ್ನೆ. ಸ್ವಂತ ಕಾರು ಓಡಿಸಲು ಇಂತಿಷ್ಟೇ ಕ್ಲಾಸು ಓದಿರಬೇಕು ಎಂಬ ನಿಯಮ ಇಲ್ಲ. ಬಾಡಿಗೆ ಗಾಡಿ, ಸಾಮಾನಿನ ಗಾಡಿ ಓಡಿಸಲು ಮೊದಲು 8ನೇ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮ ತೆಗೆಯಿತು. ಶಾಲೆಗೆ ಹೋಗದವರಿಗೂ ಬಾಗಿಲು ತೆರೆಯಿತು.

ಇನ್ನೊಂದು ಮಾತು. ಕಾರಿನ ಲೈಸೆನ್ಸಿನಲ್ಲಿ ಸಣ್ಣ ಸಾಮಾನಿನ ಗಾಡಿ ಓಡಿಸಬಹುದೇ? ಓಡಿಸಬಹುದು. ಗಾಡಿ ಮತ್ತು ಹೇರು ಸೇರಿ 7,500 ಕಿಲೋ ಮೀರಬಾರದು. ಸುಪ್ರೀಂ ಕೋರ್ಟು 2017ರಲ್ಲಿ ಹೀಗೆ ಹೇಳಿತು. 2024ರ ನವೆಂಬರಿನಲ್ಲಿ ಐದು ನ್ಯಾಯಾಧೀಶರು ಕೂತು ಅದೇ ಸರಿ ಎಂದರು. ನಮ್ಮ ಕಸದ ಗಾಡಿ ಈ ಲೆಕ್ಕದೊಳಗೇ ಬರುತ್ತದೆ.

ವಯಸ್ಸು 18 ತುಂಬಿರಬೇಕು. 40 ದಾಟಿದ್ದರೆ ಡಾಕ್ಟರ ಸರ್ಟಿಫಿಕೇಟು ಬೇಕು. ನಮ್ಮ ಅಕ್ಕನಿಗೆ 42. ಸರ್ಕಾರಿ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿದರು. ಗೋಡೆಯ ಮೇಲಿನ ಅಕ್ಷರ ಓದಿ ಅಂದರು ಡಾಕ್ಟರು. ಎರಡು ವರ್ಷದ ಹಿಂದೆ ಆಗಿದ್ದರೆ ಕಣ್ಣು ಕಾಣುತ್ತಿದ್ದರೂ ಅಕ್ಷರ ಕಾಣುತ್ತಿರಲಿಲ್ಲ ಅಂತ ಅಕ್ಕ ಆಮೇಲೆ ನಕ್ಕರು.

ಮೊದಲು ಸಿಗುವುದು ಕಲಿಯುವವರ ಲೈಸೆನ್ಸು. ಜನ ಇದನ್ನು ಎಲ್‌ಎಲ್‌ಆರ್ ಅಂತಾರೆ. ಇದು ಆರು ತಿಂಗಳು ನಡೆಯುತ್ತದೆ. ಇದಕ್ಕೆ ಕಂಪ್ಯೂಟರ್ ಮುಂದೆ ಪರೀಕ್ಷೆ. ಪ್ರಶ್ನೆ ಕನ್ನಡದಲ್ಲೇ ಬರುತ್ತದೆ. ನೂರಕ್ಕೆ ಅರವತ್ತರಷ್ಟು ಸರಿ ಮಾಡಿದರೆ ಪಾಸು. ರಸ್ತೆಯ ಗುರುತುಗಳ ಚಿತ್ರ ತೋರಿಸಿ ಇದೇನು ಅಂತ ಕೇಳುತ್ತಾರೆ.

ಗುರುತುಗಳು ಸುಲಭ. ಕೆಂಪು ಅಂಚಿನ ಮೂರು ಮೂಲೆ ಇದ್ದರೆ ‘ಜೋಕೆ’ ಅಂತ. ಮುಂದೆ ತಿರುವು ಇದೆ, ಶಾಲೆ ಇದೆ, ಉಬ್ಬು ಇದೆ ಅಂತ ಹೇಳುತ್ತದೆ. ಕೆಂಪು ಅಂಚಿನ ದುಂಡು ಇದ್ದರೆ ಹೆಚ್ಚಾಗಿ ‘ಮಾಡಬೇಡ’ ಅಂತ. ನೀಲಿ ದುಂಡು ಇದ್ದರೆ ‘ಹೀಗೇ ಮಾಡು’ ಅಂತ. ಎಂಟು ಮೂಲೆಯ ಕೆಂಪು ಹಲಗೆ ಇದ್ದರೆ ‘ನಿಲ್ಲು’. ಇದನ್ನೆಲ್ಲ ಅಕ್ಕ ಒಂದೇ ವಾರದಲ್ಲಿ ಬಾಯಿಪಾಠ ಮಾಡಿದರು.

ಆದರೂ ಮೊದಲ ಸಲ ಅಕ್ಕ ಫೇಲಾದರು.

ಯಾಕೆ? ಉತ್ತರ ಗೊತ್ತಿತ್ತು. ಓದುವುದು ನಿಧಾನ. ಪ್ರಶ್ನೆ ಪರದೆಯ ಮೇಲೆ ಸ್ವಲ್ಪ ಹೊತ್ತು ಮಾತ್ರ ನಿಲ್ಲುತ್ತದೆ. ಅಕ್ಕ ‘ಪಾದಚಾರಿ’ ಅಂತ ಓದಿ ಮುಗಿಸುವಷ್ಟರಲ್ಲಿ ಪ್ರಶ್ನೆ ಹೋಗಿ ಇನ್ನೊಂದು ಬಂತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಕ್ಕ ಒಂದು ಮಾತೂ ಆಡಲಿಲ್ಲ. ನಮಗೂ ಏನು ಹೇಳಬೇಕೋ ತಿಳಿಯಲಿಲ್ಲ.

ಮಾರನೆಯ ದಿನದಿಂದ ಕೇಂದ್ರದಲ್ಲಿ ಹೊಸ ಆಟ ಶುರುವಾಯಿತು. ಟೀಚರು ಚೀಟಿಯ ಮೇಲೆ ಒಂದು ಸಾಲು ಬರೆದು ತೋರಿಸುವರು. ಹತ್ತು ಎಣಿಸಿ ಚೀಟಿ ಮಡಿಸುವರು. ಅಷ್ಟರಲ್ಲಿ ಓದಬೇಕು. ಪಾದಚಾರಿ ಅಂದರೆ ನಡೆದು ಹೋಗುವವರು. ಅಡ್ಡರಸ್ತೆ, ಸಂಕೇತ, ಪಥ, ಪರವಾನಗಿ. ಇಂಥ ಪದ ಸುಮಾರು ಐವತ್ತು ಇದ್ದವು. ಅವನ್ನು ಅಕ್ಷರ ಅಕ್ಷರವಾಗಿ ಓದದೆ, ಮುಖ ನೋಡಿ ಮನುಷ್ಯರನ್ನು ಗುರುತಿಸುತ್ತೇವಲ್ಲ, ಹಾಗೆ ಗುರುತು ಹಿಡಿಯುವ ತನಕ ಓದಿದೆವು. ಮತ್ತೆ ಶುಲ್ಕ ಕಟ್ಟಿ ಹೋದಾಗ ಅಕ್ಕ ಪಾಸಾದರು. ನಮ್ಮ ಅನಿಸಿಕೆ ಕೇಳಿದರೆ, ಇಡೀ ಕಲಿಕೆಯಲ್ಲಿ ಇದೇ ಕಷ್ಟದ ಭಾಗ. ಗಾಡಿ ಇಷ್ಟು ಕಷ್ಟ ಕೊಡಲಿಲ್ಲ.

ಕ್ಲಚ್ಚು ಎಂದರೇನು?

ಈಗ ಗೇರು ಇಲ್ಲದ ಕಾರುಗಳೂ ಬಂದಿವೆ. ಅಂದರೆ ಗೇರು ಇರುತ್ತದೆ, ಗಾಡಿ ತಾನೇ ಬದಲಿಸಿಕೊಳ್ಳುತ್ತದೆ. ಅವುಗಳ ಬೆಲೆ ಹೆಚ್ಚು. ನಮ್ಮ ಊರಿನ ಕಡೆ ಕಾಣುವುದು ಹೆಚ್ಚಾಗಿ ಕೈಯಲ್ಲಿ ಗೇರು ಹಾಕುವ ಗಾಡಿ. ಕಸದ ಗಾಡಿಯೂ ಅದೇ.

ಒಳಗೆ ಕೂತು ಕೆಳಗೆ ನೋಡಿ. ಮೂರು ಪೆಡಲ್ ಕಾಣುತ್ತವೆ. ಎಡಗಡೆ ಕ್ಲಚ್ಚು. ನಡುವೆ ಬ್ರೇಕು. ಬಲಗಡೆ ಎಕ್ಸಿಲೇಟರು. ಪೆಡಲ್ ಮೂರು, ಕಾಲು ಎರಡು. ಎಡಗಾಲು ಕ್ಲಚ್ಚಿಗೆ ಮಾತ್ರ. ಬಲಗಾಲು ಬ್ರೇಕಿಗೂ ಎಕ್ಸಿಲೇಟರಿಗೂ. ಒಂದೇ ಕಾಲು ಯಾಕೆ? ಓಡಿಸುವುದನ್ನೂ ನಿಲ್ಲಿಸುವುದನ್ನೂ ಒಟ್ಟಿಗೆ ಮಾಡಬಾರದು, ಅದಕ್ಕೆ.

ಬ್ರೇಕು ಎಲ್ಲರಿಗೂ ಗೊತ್ತು. ಎಕ್ಸಿಲೇಟರ್ ಒತ್ತಿದರೆ ಇಂಜಿನ್ನು ಜೋರಾಗುತ್ತದೆ. ಅದೂ ಗೊತ್ತು. ಕ್ಲಚ್ಚು ಯಾಕೆ ಬೇಕು?

ಬೀಸುಕಲ್ಲು ನೆನಪು ಮಾಡಿಕೊಳ್ಳಿ. ಮೇಲೆ ಒಂದು ಕಲ್ಲು. ಕೆಳಗೆ ಒಂದು ಕಲ್ಲು. ಮೇಲಿನದು ತಿರುಗುತ್ತದೆ. ಕೆಳಗಿನದು ನೆಲ ಹಿಡಿದು ಕೂತಿರುತ್ತದೆ. ಒಂದು ವೇಳೆ ಕೆಳಗಿನ ಕಲ್ಲೂ ಸಡಿಲವಾಗಿ ತಿರುಗುವ ಹಾಗಿದ್ದರೆ? ಮೇಲಿನ ಕಲ್ಲನ್ನು ಒತ್ತಿ ತಿರುಗಿಸಿದರೆ ಕೆಳಗಿನದೂ ಜೊತೆಗೇ ತಿರುಗುತ್ತಿತ್ತು. ಮೇಲಿನದನ್ನು ಒಂದಿಷ್ಟು ಎತ್ತಿದರೆ ಕೆಳಗಿನದು ನಿಲ್ಲುತ್ತಿತ್ತು. ಮೇಲಿನದು ಮಾತ್ರ ತಿರುಗುತ್ತಲೇ ಇರುತ್ತಿತ್ತು.

ಗಾಡಿಯಲ್ಲೂ ಹೀಗೇ ಎರಡು ಬಿಲ್ಲೆ ಇವೆ. ಒಂದು ಬಿಲ್ಲೆ ಇಂಜಿನ್ನಿನದು. ಇನ್ನೊಂದು ಬಿಲ್ಲೆ ಗೇರಿನ ಕಡೆಯದು. ಆ ಕಡೆಯಿಂದ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಗಟ್ಟಿ ಸ್ಪ್ರಿಂಗು ಎರಡನ್ನೂ ಒತ್ತಿ ಹಿಡಿದಿರುತ್ತದೆ. ಕ್ಲಚ್ಚು ಒತ್ತಿದರೆ ಬಿಲ್ಲೆಗಳು ಬೇರೆಯಾಗುತ್ತವೆ. ಇಂಜಿನ್ನು ತಿರುಗುತ್ತದೆ, ಚಕ್ರಕ್ಕೆ ಅದರ ಹಂಗಿಲ್ಲ. ಕ್ಲಚ್ಚು ಬಿಟ್ಟರೆ ಬಿಲ್ಲೆಗಳು ಸೇರುತ್ತವೆ. ಗಾಡಿ ಹೊರಡುತ್ತದೆ.

ಈಗ ಮುಖ್ಯವಾದ ಮಾತು ಬಂತು. ಇಂಜಿನ್ನು ಸುಮ್ಮನೆ ನಿಂತಾಗಲೂ ನಿಮಿಷಕ್ಕೆ 700ರಿಂದ 900 ಸುತ್ತು ತಿರುಗುತ್ತಿರುತ್ತದೆ. ಚಕ್ರ ನಿಂತಿರುತ್ತದೆ. ಓಡುವುದನ್ನೂ ನಿಂತಿರುವುದನ್ನೂ ತಟ್ಟನೆ ಸೇರಿಸಿದರೆ ಏನಾಗುತ್ತದೆ? ಗಾಡಿ ಒಂದು ಸಲ ಮೇಕೆ ಹಾಗೆ ಜಿಗಿದು ಇಂಜಿನ್ನೇ ಆಫ್ ಆಗುತ್ತದೆ. ಅದಕ್ಕೇ ನಿಧಾನವಾಗಿ ಸೇರಿಸಬೇಕು. ಬಿಲ್ಲೆಗಳು ಮೊದಲು ಸ್ವಲ್ಪ ಉಜ್ಜಿಕೊಂಡು, ಆಮೇಲೆ ಕಚ್ಚಿಕೊಳ್ಳಬೇಕು. ಆ ಕಚ್ಚಿಕೊಳ್ಳುವ ಜಾಗ ಎಡಗಾಲಿಗೆ ಗೊತ್ತಾಗಬೇಕು. ಗೇರು ಗಾಡಿ ಕಲಿಯುವುದು ಅಂದರೆ ಅರ್ಧಕ್ಕರ್ಧ ಇಷ್ಟೇ.

ಹತ್ತು ದಿನ ದಂಡ

ನಾವು ಮೊದಲು ತಾಲ್ಲೂಕಿನ ಒಂದು ಡ್ರೈವಿಂಗ್ ಸ್ಕೂಲಿಗೆ ಹೋದೆವು. ದುಡ್ಡು ಕಟ್ಟಿದೆವು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಕ್ಲಚ್ಚು, ಬ್ರೇಕು ಇರುತ್ತವೆ. ಅಪಾಯ ಆಗದಿರಲಿ ಅಂತ ಇಟ್ಟಿರುತ್ತಾರೆ. ಒಳ್ಳೆಯದೇ. ದಿನಕ್ಕೆ ಅರ್ಧ ಗಂಟೆಯ ಹಾಗೆ ಹತ್ತು ದಿನ ಓಡಿಸಿದೆವು. ಒಂದು ದಿನವೂ ಗಾಡಿ ಆಫ್ ಆಗಲಿಲ್ಲ. ಎಷ್ಟು ಬೇಗ ಕಲಿತೆವು ಅಂತ ನಮಗೆ ಹೆಮ್ಮೆ.

ಹತ್ತನೆಯ ದಿನ ನಮ್ಮಲ್ಲೊಬ್ಬರು ಬಗ್ಗಿ ನೋಡಿದರು. ಕಲಿಸುವವರ ಕಾಲು ತಮ್ಮ ಕ್ಲಚ್ಚಿನ ಮೇಲೇ ಇತ್ತು! ಹತ್ತು ದಿನವೂ ಕ್ಲಚ್ಚು ಒತ್ತಿದವರು, ಬಿಟ್ಟವರು ಅವರೇ. ನಾವು ಬರೀ ಸ್ಟೇರಿಂಗ್ ಹಿಡಿದು ಕೂತಿದ್ದೆವು. ಮಗುವಿನ ಕೈ ಹಿಡಿದು ನಾವೇ ಅಕ್ಷರ ಬರೆದು, ‘ಬರೆದುಬಿಟ್ಟೆ ಜಾಣ’ ಅಂದ ಹಾಗೆ ಆಗಿತ್ತು.

ನೀವು ಸ್ಕೂಲಿಗೆ ಸೇರುವುದಾದರೆ ಮೊದಲ ದಿನವೇ ಕೇಳಿ. “ಅಣ್ಣಾ, ನಿಮ್ಮ ಕಾಲು ತೆಗೀರಿ. ಗಾಡಿ ಆಫ್ ಆದರೆ ಆಗಲಿ.” ಕೇಳಲು ನಾಚಿಕೆ ಬೇಡ, ದುಡ್ಡು ನಿಮ್ಮದು. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳೂ ಜಿಲ್ಲೆಗಳಲ್ಲಿ ಇವೆ. ಅಲ್ಲಿ ಲಘು ವಾಹನ ಓಡಿಸುವ 30 ದಿನದ ತರಬೇತಿಯೂ ಉಂಟು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಎಳೆ ಮಕ್ಕಳು, ಕರೆಯುವ ಹಸು ಬಿಟ್ಟು ತಿಂಗಳು ಹೋಗಲು ನಮಗೆ ಆಗಲಿಲ್ಲ. ಹೋಗಲು ಆಗುವವರು ಅಲ್ಲಿಗೇ ಹೋಗುವುದು ವಾಸಿ.

ನಮ್ಮೂರಲ್ಲಿ ನಿವೃತ್ತ ಬಸ್ ಡ್ರೈವರು ಒಬ್ಬರಿದ್ದಾರೆ. ನಾವೆಲ್ಲ ಅವರನ್ನು ದೊಡ್ಡಪ್ಪ ಅನ್ನುತ್ತೇವೆ. ಅವರ ಹತ್ತಿರ ಹಳೇ ಮಾರುತಿ 800 ಕಾರು ಇದೆ. ಆ ಕಾರು 1983ರಲ್ಲಿ ಶುರುವಾಗಿ 2014ರಲ್ಲಿ ನಿಂತಿತು. ಈಗ ಹೊಸದು ಬರುವುದಿಲ್ಲ. ದೊಡ್ಡಪ್ಪನ ಹತ್ತಿರ ಹೋಗಿ ನಡೆದದ್ದು ಹೇಳಿದೆವು. ಅವರು ನಕ್ಕು, “ನಾಳೆ ಬೆಳಗ್ಗೆ ಸಂತೆ ಮೈದಾನಕ್ಕೆ ಬನ್ರಮ್ಮಾ. ಎಲ್ ಬೋರ್ಡ್ ಅಂಟಿಸ್ಕೊಂಡ್ ಬರ್ತೀನಿ” ಅಂದರು.

ಕಲಿಯುವವರ ಗಾಡಿಯ ಮುಂದೆ, ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಇರಬೇಕು. ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿರಬೇಕು. ಇದು ಕಾನೂನು.

ಸಂತೆ ಮೈದಾನದಲ್ಲಿ

ಮೊದಲ ದಿನ ದೊಡ್ಡಪ್ಪ ಹೇಳಿದ ಮಾತು ವಿಚಿತ್ರವಾಗಿತ್ತು. “ಇವತ್ತು ಎಕ್ಸಿಲೇಟರು ಮುಟ್ಟಲೇಬೇಡಿ.”

ಮುಟ್ಟದೆ ಗಾಡಿ ಹೋಗುತ್ತದೆಯೇ? ಹೋಗುತ್ತದೆ! ಸಮ ನೆಲದಲ್ಲಿ ಕ್ಲಚ್ಚನ್ನು ಬಹಳ ನಿಧಾನ ಬಿಟ್ಟರೆ ಸಾಕು. ಇಂಜಿನ್ನಿನ ಸುಮ್ಮನೆ ತಿರುಗುವ ಶಕ್ತಿಯಲ್ಲೇ ಗಾಡಿ ತೆವಳುತ್ತದೆ. ಹೀಗೆ ಕಲಿತರೆ ಗಮನವೆಲ್ಲ ಎಡಗಾಲಿನ ಮೇಲೇ ಇರುತ್ತದೆ.

ಕೂರುವುದೇ ಒಂದು ಪಾಠ. ಕ್ಲಚ್ಚು ಪೂರ್ತಿ ಒಳಕ್ಕೆ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಸಿರಬೇಕು. ಹಾಗೆ ಸೀಟು ಮುಂದೆ ಎಳೆದುಕೊಳ್ಳಬೇಕು. ನಮ್ಮಲ್ಲಿ ಇಬ್ಬರು ಗಿಡ್ಡ. ಬೆನ್ನಿಗೆ ದಿಂಬು ಕೊಟ್ಟೆವು. ಸೀರೆಯ ನೆರಿಗೆ ಪೆಡಲಿಗೆ ಸಿಕ್ಕುತ್ತದೆ. ಸ್ವಲ್ಪ ಎತ್ತಿ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಬೇಕು. ಚೂಡಿದಾರ್ ಆದರೆ ದುಪ್ಪಟ್ಟ ಕಟ್ಟಿಕೊಳ್ಳಬೇಕು. ಹವಾಯಿ ಚಪ್ಪಲಿ ಬೇಡವೇ ಬೇಡ. ಅದು ಕಾಲಿನಿಂದ ಜಾರಿ ಬ್ರೇಕಿನ ಕೆಳಗೆ ಸಿಕ್ಕಿದರೆ ಬ್ರೇಕು ಒತ್ತಲು ಆಗುವುದಿಲ್ಲ. ನೀರಿನ ಬಾಟಲಿಯೂ ಅಷ್ಟೇ, ಕಾಲ ಹತ್ತಿರ ಉರುಳಾಡಬಾರದು. ನಮ್ಮವರೊಬ್ಬರ ಚಪ್ಪಲಿ ಹೀಗೇ ಸಿಕ್ಕಿತು. ಮೈದಾನವಾದ್ದರಿಂದ ಬದುಕಿದೆವು. ದೊಡ್ಡಪ್ಪ ಹ್ಯಾಂಡ್ ಬ್ರೇಕ್ ಎಳೆದರು. ಅಂದಿನಿಂದ ಎಲ್ಲರೂ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡೆವು.

ಸೀಟ್ ಬೆಲ್ಟ್ ಹಾಕಿ. ಕನ್ನಡಿ ಸರಿ ಮಾಡಿಕೊಳ್ಳಿ. ಆಮೇಲೆ ಗೇರಿನ ಕೋಲು ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ. ಸಡಿಲವಾಗಿ ಆಡಿದರೆ ಅದು ನ್ಯೂಟ್ರಲ್. ಅಂದರೆ ಯಾವ ಗೇರೂ ಬಿದ್ದಿಲ್ಲ. ಆಗ ಕೀಲಿ ತಿರುಗಿಸಿ. ಗೇರಿನಲ್ಲಿ ಇರುವಾಗಲೇ, ಕ್ಲಚ್ಚೂ ಒತ್ತದೆ ಕೀಲಿ ತಿರುಗಿಸಿದರೆ ಗಾಡಿ ಮುಂದಕ್ಕೆ ನೆಗೆಯುತ್ತದೆ. ಮುಂದೆ ಮಗುವೋ ಗೋಡೆಯೋ ಇದ್ದರೆ ಕಥೆ ಮುಗಿಯಿತು.

ಇಂಜಿನ್ನು ಶುರುವಾಯಿತು. ಈಗ ಕ್ಲಚ್ಚು ಪೂರ್ತಿ ಒತ್ತಿ ಒಂದನೇ ಗೇರು ಹಾಕಿ. ಹ್ಯಾಂಡ್ ಬ್ರೇಕ್ ಇಳಿಸಿ. ಹಿಮ್ಮಡಿ ನೆಲಕ್ಕೆ ಊರಿ, ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಒಂದು ಕಡೆ ಇಂಜಿನ್ನಿನ ಸದ್ದು ತಗ್ಗುತ್ತದೆ. ಗಾಡಿ ಸಣ್ಣಗೆ ನಡುಗುತ್ತದೆ. ಅದೇ ಕಚ್ಚಿಕೊಳ್ಳುವ ಜಾಗ. ಅಲ್ಲಿ ಕಾಲು ನಿಲ್ಲಿಸಿ. ಗಾಡಿ ತೆವಳಲು ಶುರು ಮಾಡುತ್ತದೆ. ಎರಡು ಎಣಿಸಿ. ಆಮೇಲೆ ಉಳಿದದ್ದನ್ನು ಬಿಡಿ. ಇದು ಕಾಲಿಗೆ ಬಂದ ಮೇಲೆ ಎಕ್ಸಿಲೇಟರು ಸೇರಿಸುವುದು. ಎಡಗಾಲು ಮೇಲೆ ಬರುವಾಗ ಬಲಗಾಲು ಮೆಲ್ಲಗೆ ಕೆಳಗೆ ಹೋಗುತ್ತದೆ.

ಹೇಳಲು ಎಷ್ಟು ಸುಲಭ! ಮೊದಲ ದಿನ ಗಾಡಿ ಎಷ್ಟು ಸಲ ಆಫ್ ಆಯಿತು ಅಂತ ಲೆಕ್ಕ ಇಟ್ಟವರು ಶಾಲೆಯ ಮಕ್ಕಳು. ಮೈದಾನದ ಕಟ್ಟೆಯ ಮೇಲೆ ಸಾಲಾಗಿ ಕೂತು ಕೂಗುತ್ತಿದ್ದರು. “ಹನ್ನೊಂದು, ಟೀಚರ್! ಹನ್ನೆರಡು, ಟೀಚರ್!” ಎಲ್ಲರಿಗಿಂತ ಹೆಚ್ಚು ಟೀಚರದ್ದೇ. ಮಕ್ಕಳಿಗೆ ಅಂಥ ಖುಷಿ ಇನ್ನೊಂದಿಲ್ಲ. ಅಕ್ಕನದು ಬರೀ ಐದು. ದಿನಾ ಹೊಲಿಗೆ ಮಿಷನ್ ತುಳಿಯುವ ಕಾಲು ಅದು.

ಗಾಡಿ ಆಫ್ ಆದರೆ ಗಾಬರಿ ಬೇಡ. ಹಿಂದಿನವರು ಹಾರನ್ ಹೊಡೆದರೆ ಹೊಡೆಯಲಿ. ಬ್ರೇಕು ಒತ್ತಿ, ಕ್ಲಚ್ಚು ಒತ್ತಿ, ನ್ಯೂಟ್ರಲ್ ಮಾಡಿ, ಕೀಲಿ ತಿರುಗಿಸಿ. ಮತ್ತೆ ಮೊದಲಿಂದ.

ಗೇರು ಯಾಕೆ ಬೇಕು?

ಗೇರಿನ ಕೋಲಿನ ತಲೆಯ ಮೇಲೆ ಅಂಕಿ ಬರೆದಿರುತ್ತದೆ. 1, 2, 3, 4. ಕೆಲವು ಗಾಡಿಯಲ್ಲಿ 5. ದೊಡ್ಡಪ್ಪನ ಕಾರಿನಲ್ಲಿ ನಾಲ್ಕೇ. ಇನ್ನೊಂದು ಇಂಗ್ಲಿಷಿನ ‘ಆರ್’ ಅಕ್ಷರ. ಅದು ರಿವರ್ಸ್, ಅಂದರೆ ಹಿಂದಕ್ಕೆ ಹೋಗುವುದು. ಅದು ಇರುವ ಜಾಗ ಗಾಡಿಯಿಂದ ಗಾಡಿಗೆ ಬೇರೆ. ಹೊಸ ಗಾಡಿ ಹತ್ತಿದರೆ ಮೊದಲು ಈ ಚಿತ್ರ ಓದಿ.

ಒಂದು ಮೂಟೆ ರಾಗಿಯನ್ನು ಅಟ್ಟಕ್ಕೆ ಒಂದೇ ಸಲ ಹೊರಲು ನಮ್ಮಿಂದ ಆಗುವುದಿಲ್ಲ. ಮೊರದಲ್ಲಿ ತುಂಬಿ ಹತ್ತು ಸಲ ಹತ್ತಿ ಇಳಿದರೆ ಆಗುತ್ತದೆ. ತಿರುಗಾಟ ಹೆಚ್ಚು, ಆದರೆ ಒಂದೊಂದು ಸಲದ ಭಾರ ಕಡಿಮೆ. ಗೇರು ಮಾಡುವುದೂ ಇದನ್ನೇ. ಗೇರ್ ಬಾಕ್ಸಿನಲ್ಲಿ ಹಲ್ಲಿನ ಚಕ್ರಗಳಿವೆ. 10 ಹಲ್ಲಿನ ಸಣ್ಣ ಚಕ್ರ 30 ಹಲ್ಲಿನ ದೊಡ್ಡ ಚಕ್ರವನ್ನು ತಿರುಗಿಸುತ್ತದೆ ಅನ್ನಿ. ಸಣ್ಣದು ಮೂರು ಸುತ್ತು ಬಂದರೆ ದೊಡ್ಡದು ಒಂದು ಸುತ್ತು. ನಿಧಾನ, ಆದರೆ ಮೂರು ಪಟ್ಟು ಬಲ. ಒಂದನೇ ಗೇರು ಹೀಗೆ. ನಿಂತ ಗಾಡಿ ಎಬ್ಬಿಸಲು, ಏರು ಹತ್ತಲು ಅದು ಬೇಕು. ಗಾಡಿ ಓಡಲು ಶುರುವಾದ ಮೇಲೆ ಅಷ್ಟು ಬಲ ಬೇಡ, ವೇಗ ಬೇಕು. ಆಗ ಎರಡು, ಮೂರು, ನಾಲ್ಕು.

ಯಾವಾಗ ಬದಲಿಸಬೇಕು? ಅಂದಾಜಿಗೆ ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ಆದರೆ ಎರಡು, ಇಪ್ಪತ್ತೈದು ದಾಟಿದರೆ ಮೂರು, ನಲವತ್ತರ ಹತ್ತಿರ ನಾಲ್ಕು. ಆದರೆ ಮುಳ್ಳು ನೋಡುತ್ತಾ ಕೂರಬೇಡಿ, ರಸ್ತೆ ನೋಡಿ. ಕಿವಿ ಹೇಳುತ್ತದೆ. ಇಂಜಿನ್ನು ಕಿರುಚಿದರೆ ಮೇಲಿನ ಗೇರು ಕೇಳುತ್ತಿದೆ. ಮುಕ್ಕರಿದು ನಡುಗಿದರೆ ಕೆಳಗಿನ ಗೇರು ಕೇಳುತ್ತಿದೆ. ಎಕ್ಸಿಲೇಟರು ಬಿಡು, ಕ್ಲಚ್ಚು ಒತ್ತು, ಗೇರು ಹಾಕು, ಕ್ಲಚ್ಚು ಬಿಡು. ಗೇರು ಹಾಕುವಾಗ ಕೈ ನೋಡಬಾರದು. ನಾವು ರೊಟ್ಟಿ ತಟ್ಟುವಾಗ ಕೈ ನೋಡುತ್ತೇವೆಯೇ?

ಒಂದು ಕೆಟ್ಟ ಅಭ್ಯಾಸ ಎಲ್ಲರಿಗೂ ಅಂಟುತ್ತದೆ. ಎಡಗಾಲನ್ನು ಕ್ಲಚ್ಚಿನ ಮೇಲೇ ಇಟ್ಟುಕೊಂಡು ಓಡಿಸುವುದು. ಬಿಲ್ಲೆಗಳು ಪೂರ್ತಿ ಸೇರದೆ ಉಜ್ಜುತ್ತಲೇ ಇರುತ್ತವೆ. ಬೇಗ ಸವೆಯುತ್ತವೆ. ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಪ್ಲೇಟ್ ಹಾಕಿಸಲು ಸಾವಿರಾರು ರೂಪಾಯಿ. ಗೇರು ಬದಲಿಸಿದ ಮೇಲೆ ಕಾಲು ಪಕ್ಕಕ್ಕೆ ಇಡಿ.

ಕೆರೆ ಏರಿಯ ಮೇಲೆ

ಮೈದಾನದಲ್ಲಿ ಕಲಿತದ್ದೆಲ್ಲ ಕೆರೆ ಏರಿಯ ಚಡಾವಿನಲ್ಲಿ ಮರೆತುಹೋಯಿತು. ಅರ್ಧ ಏರಿದಾಗ ಎದುರಿಗೆ ಟ್ರ್ಯಾಕ್ಟರ್ ಬಂತು. ನಿಲ್ಲಿಸಿದೆವು. ಮತ್ತೆ ಹೊರಡಲು ಬ್ರೇಕಿನಿಂದ ಕಾಲು ತೆಗೆದೆವು. ಗಾಡಿ ಹಿಂದಕ್ಕೆ ಜಾರಿತು! ಹಿಂದೆ ಎಮ್ಮೆ ಹೊಡೆದುಕೊಂಡು ಒಬ್ಬ ಅಜ್ಜಿ ಬರುತ್ತಿದ್ದರು. ದೊಡ್ಡಪ್ಪ ಮತ್ತೆ ಹ್ಯಾಂಡ್ ಬ್ರೇಕ್ ಎಳೆದರು. ಅಜ್ಜಿಗೂ ಗಾಡಿಗೂ ನಡುವೆ ಒಂದು ಮಾರು ಇತ್ತು. ಅಷ್ಟೇ.

ಆ ದಿನ ನಮ್ಮಲ್ಲಿ ಒಬ್ಬರು ಮನೆಗೆ ಹೋದವರು ಮತ್ತೆ ಬರಲಿಲ್ಲ. “ನಂಗೆ ಎದೆ ಹೊಡ್ಕೊಳುತ್ತೆ, ಬ್ಯಾಡ” ಅಂದರು. ನಾವು ಒತ್ತಾಯ ಮಾಡಲಿಲ್ಲ. ಉಳಿದ ನಾಲ್ಕು ಜನ ಮಾರನೆಯ ದಿನ ಅದೇ ಏರಿಗೆ ಹೋದೆವು. ಒಬ್ಬರು ಕೆಳಗೆ ನಿಂತು ಜನ, ದನ ತಡೆದೆವು.

ಏರಿನಲ್ಲಿ ಹೊರಡುವ ರೀತಿ ಹೀಗಿದೆ. ಮೊದಲು ಹ್ಯಾಂಡ್ ಬ್ರೇಕ್ ಎಳೆಯಿರಿ. ಈಗ ಗಾಡಿ ಜಾರುವುದಿಲ್ಲ. ಬಲಗಾಲು ಬ್ರೇಕಿನಿಂದ ಬಿಡುವಾಯಿತು. ಒಂದನೇ ಗೇರು ಹಾಕಿ. ಎಕ್ಸಿಲೇಟರು ಸ್ವಲ್ಪ ಕೊಡಿ. ಕ್ಲಚ್ಚು ಕಚ್ಚಿಕೊಳ್ಳುವ ತನಕ ಬಿಡಿ. ಗಾಡಿ ಮುಂದೆ ಹೋಗಲು ತವಕಿಸುತ್ತದೆ, ಹಗ್ಗ ಜಗ್ಗುವ ಕರುವಿನ ಹಾಗೆ. ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಗಾಡಿ ಹಿಂದೆ ಬರದೆ ಮುಂದೆ ಏರುತ್ತದೆ. ಒಂದು ಬೆಳಗ್ಗೆ ಪೂರ್ತಿ ಇದನ್ನೇ ಮಾಡಿದೆವು.

ಇಳಿಜಾರಿನ ವಿಷಯ ಇನ್ನೂ ಮುಖ್ಯ. ಎಣ್ಣೆ ಉಳಿಯುತ್ತದೆ ಅಂತ ಎಷ್ಟೋ ಗಂಡಸರು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಾರೆ. ಕೆಲವರು ಇಂಜಿನ್ನೇ ಆಫ್ ಮಾಡುತ್ತಾರೆ. ಇದು ತಪ್ಪು. ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ನ್ಯೂಟ್ರಲ್ ಮಾಡಿದರೆ ಭಾರವೆಲ್ಲ ಬ್ರೇಕಿನ ಮೇಲೆ. ಉದ್ದ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿಯುವುದೇ ಇಲ್ಲ. ಇಂಜಿನ್ ಆಫ್ ಆದರೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ. ಪವರ್ ಸ್ಟೇರಿಂಗ್ ಇದ್ದರೆ ಅದೂ ಬಿಗಿಯುತ್ತದೆ. ಎಣ್ಣೆಯಾದರೂ ಉಳಿಯುತ್ತದೆಯೇ? ಈಗಿನ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಎಕ್ಸಿಲೇಟರು ಬಿಟ್ಟರೆ ಇಂಜಿನ್ನಿಗೆ ಎಣ್ಣೆ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಹೆಚ್ಚು ಖರ್ಚು. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

ನಿಲ್ಲಿಸುವಾಗ ಮೊದಲು ಬ್ರೇಕು, ಗಾಡಿ ನಿಲ್ಲುವ ಹೊತ್ತಿಗೆ ಕ್ಲಚ್ಚು. ಹಿಂದಕ್ಕೆ ಹೋಗುವ ಮೊದಲು ಗಾಡಿ ಪೂರ್ತಿ ನಿಂತಿರಬೇಕು. ಕೆಳಗಿಳಿದು ಒಂದು ಸುತ್ತು ಬನ್ನಿ. ಹಿಂದೆ ಕೂತ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಸುಗ್ಗಿಯಲ್ಲಿ ರಸ್ತೆಗೆ ಹುರುಳಿ ಹಾಸಿರುತ್ತಾರೆ. ನಾವೂ ಹಾಸಿದ್ದೇವೆ, ಸುಳ್ಳು ಯಾಕೆ. ಅದರ ಮೇಲೆ ಗಾಡಿ ಜಾರುತ್ತದೆ. ಸೊಪ್ಪು ಕೆಳಗೆ ಸುತ್ತಿಕೊಂಡು ಬಿಸಿಗೆ ಬೆಂಕಿ ಹತ್ತಿದ್ದೂ ಉಂಟು. ಸೀಟಿನಲ್ಲಿ ಕೂತ ಮೇಲೆ ನಮಗೆ ಇದು ತಿಳಿಯಿತು. ಈ ವರ್ಷ ನಾವು ಕಣದಲ್ಲೇ ಒಕ್ಕಿದೆವು.

ಪರೀಕ್ಷೆ, ಆಮೇಲೆ

ಎಲ್‌ಎಲ್‌ಆರ್ ಸಿಕ್ಕಿ 30 ದಿನ ಆದ ಮೇಲೆ ಓಡಿಸುವ ಪರೀಕ್ಷೆಗೆ ಹೋಗಬಹುದು. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ನಾವು ಅವಸರ ಮಾಡದೆ ಎರಡೂವರೆ ತಿಂಗಳು ಕಲಿತು ಹೋದೆವು. ಮೂರು ಜನ ಪಾಸಾದೆವು. ಟೀಚರು ರಿವರ್ಸಿನಲ್ಲಿ ಕಂಬಕ್ಕೆ ಮುತ್ತು ಕೊಟ್ಟರು. ಏಳು ದಿನ ಕಳೆದು ಅವರೂ ಪಾಸಾದರು. ಮಕ್ಕಳಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ ಇನ್ನೂ ಗೊತ್ತಾಗಿಲ್ಲ.

ಲೈಸೆನ್ಸಿನ ಅರ್ಜಿಗೆ ಅಕ್ಕ ಸಹಿ ಹಾಕಿದ್ದರು. ಕಾರ್ಡು ಬಂದಾಗ ಅದರ ಮೇಲೆ ಆ ಸಹಿಯೇ ಅಚ್ಚಾಗಿ ಬಂದಿತ್ತು. ಸ್ವಲ್ಪ ಓರೆಯಾಗಿತ್ತು. ಅಕ್ಕ ಅದನ್ನು ಎರಡು ದಿನ ಸೆರಗಿನಲ್ಲೇ ಕಟ್ಟಿಕೊಂಡಿದ್ದರು.

ಒಂದು ಸೋಮವಾರ ಬೆಳಗ್ಗೆ ಆರೂವರೆಗೆ ಬೇವಿನ ಮರದ ಕೆಳಗಿಂದ ಗಾಡಿ ಹೊರಟಿತು. ಓಡಿಸಿದವರು ಅಕ್ಕ. ಇಬ್ಬರು ಹಿಂದೆ ಡಬ್ಬ ಹಿಡಿದು ನಡೆದೆವು. ದೇವಸ್ಥಾನದ ಬೀದಿ, ಹೊಸ ಬಡಾವಣೆ ಮುಗಿಸಿ ಅಕ್ಕನ ಮನೆಯ ಮುಂದೆ ಬಂತು. ಅಕ್ಕ ಗಾಡಿ ನಿಲ್ಲಿಸಿದರು. ಗಂಡ ಕಸದ ಬುಟ್ಟಿ ಹಿಡಿದು ಹೊರಗೆ ಬಂದರು. ಅನ್ನ, ಸಿಪ್ಪೆ, ಪ್ಲಾಸ್ಟಿಕ್ ಎಲ್ಲ ಒಂದರಲ್ಲೇ ಇತ್ತು.

ಅಕ್ಕ ಕಿಟಕಿಯಿಂದ ತಲೆ ಹಾಕಿ ನೋಡಿದರು. “ಇದೇನ್ರೀ ಇದು? ಹಸಿ ಬೇರೆ, ಒಣ ಬೇರೆ ಮಾಡ್ಕೊಂಡ್ ಬನ್ನಿ.”

ಅವರು ಒಂದು ಗಳಿಗೆ ನಿಂತರು. ಅಕ್ಕಪಕ್ಕದ ಮನೆಯವರೂ ನೋಡುತ್ತಿದ್ದರು. ಆಮೇಲೆ ಬುಟ್ಟಿ ಹಿಡಿದು ಒಳಗೆ ಹೋದರು. ಅವರು ಬೇರೆ ಮಾಡಿಕೊಂಡು ಬರುವ ತನಕ ಗಾಡಿ ಅಲ್ಲೇ ನ್ಯೂಟ್ರಲ್‌ನಲ್ಲಿ ನಿಂತಿತ್ತು. ಹ್ಯಾಂಡ್ ಬ್ರೇಕ್ ಎಳೆದಿತ್ತು.